ನಾಲ್ಕು ಸೊನ್ನೆಗಳ ಮೇಡಂ

ಕಳೆದ ಶುಕ್ರವಾರ ನಮ್ಮ ಲ್ಯಾಬಿನ ಮೇಡಂ ನಿವೃತ್ತರಾದರು. ಅದರ ಹಿಂದಿನ ದಿನ ಆಸ್ಪತ್ರೆಯ ಆಫೀಸಿನವರು ನನ್ನನ್ನು ಕರೆದು, "ಹನ್ನೊಂದು ವರ್ಷ ಅವರ ಕೈಕೆಳಗೆ ಇದ್ದವರು ನೀವೊಬ್ಬರೇ. ಕನ್ನಡದಲ್ಲಿ ನಾಲ್ಕು ಒಳ್ಳೆ ಮಾತು ಹೇಳಿ, ಮೇಡಂಗೆ ಖುಷಿ ಆಗ್ತದೆ" ಎಂದರು. ಹೇಳಿದೆ. ಶಿಸ್ತು ಎಂದೆ, ಸಮಯಪಾಲನೆ ಎಂದೆ, ನಮಗೆಲ್ಲ ತಾಯಿಯ ಹಾಗಿದ್ದರು ಎಂದು ಕೂಡ ಹೇಳಿಬಿಟ್ಟೆ. ಆ ಕೊನೆಯ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ. ನನ್ನ ಅಮ್ಮ ಕೇಳಿದ್ದರೆ ಮೂರು ದಿನ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ.

ಒಳ್ಳೆಯ ಮಾತುಗಳು ಅಲ್ಲಿಗೆ ಖರ್ಚಾದವು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರನ್ನು ನಾನು ಯಾವತ್ತೂ ಇಷ್ಟಪಟ್ಟವಳಲ್ಲ. ಈಗ ಹೋದರಲ್ಲ, ಇನ್ನಾದರೂ ಮನಸ್ಸು ಮೆತ್ತಗಾದೀತೇನೋ ಎಂದು ನಾಲ್ಕು ದಿನ ಕಾದು ನೋಡಿದೆ. ಆಗಲಿಲ್ಲ.

ಹೆಸರು ಬರೆಯುವುದಿಲ್ಲ. ಲ್ಯಾಬಿನಲ್ಲಿ ಹೆಸರು ಬೇಕಾಗಿಯೂ ಇರಲಿಲ್ಲ. ಮೇಡಂ ಎಂದರೆ ಅವರೊಬ್ಬರೇ. ರೋಗಿಗಳ ರಕ್ತ, ಕಫ, ಕೀವು, ಕೊಯ್ದು ತೆಗೆದ ಮಾಂಸದ ಚೂರು ಎಲ್ಲ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಯಾವ ರೋಗಾಣು ಉಂಟೆಂದು ಹುಡುಕಿ ಹೇಳುವುದು ನಮ್ಮ ಕೆಲಸ. ನಾನು ಟೆಕ್ನಿಷಿಯನ್. ಮಾಡುವುದು ನಾವು, ನೋಡಿ ಸಹಿ ಹಾಕುವುದು ಡಾಕ್ಟರಾದ ಅವರು. ವಾರ್ಡಿನ ಡಾಕ್ಟರುಗಳು ಯಾವ ಮದ್ದು ಕೊಡಬೇಕೆಂದು ಆ ಸಹಿಯನ್ನು ನಂಬಿ ನಿರ್ಧರಿಸುತ್ತಾರೆ.

ಮೇಡಂ ಮಂಜೇಶ್ವರದಿಂದ ಕಾಸರಗೋಡಿಗೆ ಬೆಳಗಿನ ರೈಲಿನಲ್ಲಿ ಬರುತ್ತಿದ್ದರು. ಸಪೂರ ಶರೀರ, ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಮೇಲೆ ಒಂದು ಕಲೆಯೂ ಇಲ್ಲದ ಬಿಳಿ ಕೋಟು. ಮಳೆ ಇರಲಿ ಬಿಸಿಲಿರಲಿ, ಕೈಯಲ್ಲಿ ಉದ್ದದ ಕೊಡೆ. ಮೆಟ್ಟಿಲ ಮೇಲೆ ಆ ಕೊಡೆಯ ತುದಿ ಟಕ್ ಟಕ್ ಎಂದು ಕೇಳಿದರೆ ಸಾಕು, ನಮ್ಮ ನಗು, ಹರಟೆ, ಬಾಯಲ್ಲಿದ್ದ ಚಕ್ಕುಲಿ ಎಲ್ಲ ಅಲ್ಲಲ್ಲೇ ನಿಲ್ಲುತ್ತಿತ್ತು. ಅವರ ಸ್ಟೂಲಿನ ಮೇಲೆ ಯಾರೂ ಕೂರುವಂತಿಲ್ಲ. ಅವರ ಮೈಕ್ರೋಸ್ಕೋಪಿನ ಕಣ್ಣುಗಳಿಗೆ ಒಂದು ಹೂವಿನ ಕಸೂತಿಯ ಕರವಸ್ತ್ರ ಮುಚ್ಚಿರುತ್ತಿತ್ತು. ಅದರ ಮಡಿಕೆ ಒಂದು ಬೆರಳಿನಷ್ಟು ಆಚೀಚೆ ಆದರೂ, "ಯಾರು ನೋಡಿದ್ದು? ನಿಮಗೆ ನೋಡಿದರೆ ತಿಳೀತದಾ?" ಎಂದು ಕೇಳುತ್ತಿದ್ದರು.

ನಾನು ಸೇರಿದ ಮೊದಲ ದಿನ ರಿಜಿಸ್ಟರಿನಲ್ಲಿ ಬರೆದ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಕಾಗೆಕಾಲು ಗುಬ್ಬಿಕಾಲು. ಬೋವಿಕಾನದ ಶಾಲೆಯಲ್ಲಿ ಇದನ್ನೇ ಕಲಿಸುದಾ?" ಎಂದರು. ನನ್ನನ್ನು ಬೈದರೆ ಸಹಿಸುತ್ತಿದ್ದೆ. ಆ ಶಾಲೆಯಲ್ಲಿ ನನ್ನ ಅಪ್ಪ ಮಾಸ್ಟ್ರಾಗಿದ್ದರು. ಅದು ಮೇಡಂಗೆ ಗೊತ್ತಿರಲಿಲ್ಲ ಎಂದು ಬೇರೆಯವರು ಸಮಾಧಾನ ಹೇಳಿದರು. ಗೊತ್ತಿದ್ದರೂ ಹೇಳುತ್ತಿದ್ದರು ಎಂಬುದು ನನಗೆ ಒಂದೇ ತಿಂಗಳಲ್ಲಿ ತಿಳಿಯಿತು.

ಒಮ್ಮೆ ಪತ್ರೊಡೆ ಮಾಡಿ ಒಯ್ದಿದ್ದೆ. ಎಲ್ಲರಿಗೂ ಹಂಚಿ, ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಅವರ ಕೋಣೆಗೆ ಕೊಂಡುಹೋದೆ. ತಟ್ಟೆ ನೋಡಲಿಲ್ಲ, ನನ್ನ ಕೈ ನೋಡಿದರು. "ಕೈ ತೊಳೆದಿದ್ದೀಯಾ?" ಎಂದರು. ತೊಳೆದಿದ್ದೆ. "ಎಷ್ಟು ಹೊತ್ತು?" ಎಂದರು. ಆಮೇಲೆ ಆ ತುಂಡು ಸಂಜೆಯವರೆಗೆ ಮೇಜಿನ ಮೇಲೆ ಒಣಗುತ್ತಾ ಕೂತಿತ್ತು. ನಾನೇ ಹೋಗಿ ತೆಗೆದುಕೊಂಡು ಬಂದೆ.

ಕೆಲಸ ಗೊತ್ತಿಲ್ಲದವರಾಗಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಹಾಗಿರಲಿಲ್ಲ, ಅದೇ ಸಂಕಟ. ನಾನು ಸೇರಿದ ವರ್ಷ ಡಯಾಲಿಸಿಸಿನ ಒಬ್ಬ ಹೆಂಗಸಿನ ರಕ್ತದಲ್ಲಿ ಯೀಸ್ಟ್ ಜಾತಿಯ ಬೂಷ್ಟು ಕಾಣಿಸಿತು. ಇದ್ದ ಎರಡು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ. ಸೂಜಿ ಚುಚ್ಚುವಾಗ ಚರ್ಮದಿಂದ ಬಂದ ಕಸ ಇರಬಹುದೆಂದು ನಾನು ಹೇಳಿದೆ. ಮೇಡಂ ಎದ್ದು ನಿಂತರು. "ರಕ್ತದಲ್ಲಿ ಯೀಸ್ಟ್ ಕಂಡರೆ ಅದನ್ನು ಕಸ ಅಂತ ಜನ್ಮದಲ್ಲಿ ಹೇಳಬೇಡ" ಎಂದವರು ಫೋನು ಕೂಡ ಮಾಡದೆ ಐಸಿಯುಗೆ ನಡೆದೇ ಹೋದರು. ಆ ಹೆಂಗಸಿಗೆ ಅದೇ ಗಂಟೆಯಲ್ಲಿ ಮದ್ದು ಶುರುವಾಯಿತು. ಕುತ್ತಿಗೆಗೆ ಹಾಕಿದ್ದ ಹಳೆಯ ನಳಿಗೆಯನ್ನು ತೆಗೆಸಿದರು. ತಿಂಗಳ ಮೇಲೆ ಆಕೆ ನಡೆದುಕೊಂಡು ಮನೆಗೆ ಹೋದಳು. ಆ ದಿನ ನನಗೆ ಮೇಡಂ ಮೇಲೆ ಗೌರವ ಹುಟ್ಟಿತ್ತು. ಆದರೆ ಐಸಿಯುವಿನ ಎಳೆ ಡಾಕ್ಟರನ್ನು ರೋಗಿಯ ಮಗನೆದುರೇ "ನಿಮ್ಮನ್ನು ಪಾಸು ಮಾಡಿದ್ದು ಯಾರು?" ಎಂದು ಕೇಳಿ ಬಂದಿದ್ದರೆಂದು ಆಮೇಲೆ ತಿಳಿಯಿತು. ಜೀವ ಉಳಿಸುವುದಕ್ಕೂ ಅವರಿಗೆ ಯಾರನ್ನಾದರೂ ಮೆಟ್ಟಲೇ ಬೇಕಿತ್ತು.

ಇನ್ನು ಸೊನ್ನೆಗಳ ವಿಷಯ. ನಮ್ಮೂರಿನ ಮಳೆಗಾಲ ಗೊತ್ತಿದ್ದವರಿಗೆ ಬೂಷ್ಟಿನ ಬಗ್ಗೆ ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆಯ ಆಲ್ಬಮ್ಮಿಗೆ ಬೂಷ್ಟು. ಲ್ಯಾಬಿನ ಪ್ಲೇಟುಗಳನ್ನು ಅದು ಬಿಟ್ಟೀತೇ? ಬೂಷ್ಟು ಬೆಳೆಸಿ ನೋಡುವುದಕ್ಕೆಂದೇ ನಾವು ಗಾಜಿನ ದುಂಡು ಪ್ಲೇಟಿನಲ್ಲಿ ಜೆಲ್ಲಿಯಂಥ ಆಹಾರ ಹುಯ್ದು ಇಟ್ಟುಕೊಳ್ಳುತ್ತೇವೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಅದರಲ್ಲಿ ಒತ್ತಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ರೋಗ ಬೂಷ್ಟಿನದ್ದಾದರೆ ಅಲ್ಲಿ ಬೆಳೆಯುತ್ತದೆ. ತೊಂದರೆ ಏನೆಂದರೆ, ಮುಚ್ಚಳ ತೆರೆದ ಒಂದು ಕ್ಷಣದಲ್ಲಿ ಗಾಳಿಯಲ್ಲಿದ್ದದ್ದೂ ಬಂದು ಕೂತುಕೊಂಡು ಬೆಳೆಯುತ್ತದೆ. ರೋಗಿಯ ಮೈಯದ್ದು ಯಾವುದು, ನಮ್ಮ ಗೋಡೆಯದ್ದು ಯಾವುದು?

ಅದಕ್ಕೆ ಮೇಡಂ ಒಂದು ಕ್ರಮ ಮಾಡಿದ್ದರು. ಚೂರನ್ನು ನಾಲ್ಕಾಗಿ ಕತ್ತರಿಸಬೇಕು. ಪ್ಲೇಟನ್ನು ಮಗುಚಿ ಅಡಿಯಲ್ಲಿ ಮಾರ್ಕರಿನಿಂದ ನಾಲ್ಕು ಸೊನ್ನೆ ಹಾಕಬೇಕು. ನಾಲ್ಕು ಚೂರನ್ನು ಆ ನಾಲ್ಕು ಸೊನ್ನೆಯ ಮೇಲೆಯೇ ಇಡಬೇಕು. "ಸೊನ್ನೆಯ ಮೇಲೆ ಎದ್ದದ್ದು ರೋಗಿಯದ್ದು, ಸೊನ್ನೆಯ ಹೊರಗೆ ಎದ್ದದ್ದು ನಮ್ಮ ಮಾಡಿನದ್ದು, ಗೋಡೆಯದ್ದು" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪ್ಲೇಟನ್ನು ಮಗುಚಿ ನೋಡದೆ ಏನಾದರೂ ಹೇಳಲು ಹೋದವರಿಗೆ ಅಲ್ಲಿಯೇ ಮಂಗಳಾರತಿ. ನನಗೂ ಆಗಿದೆ, ಎರಡು ಸಲ.

ಇಷ್ಟು ಜಾಗ್ರತೆಯ ಹೆಂಗಸು ಬದಲಾದದ್ದು ಒಂದು ತಮಾಷೆಯ ಮಾತಿನಿಂದ. ಒಂದು ಮಳೆಗಾಲದಲ್ಲಿ ಲ್ಯಾಬಿನ ಸೀಲಿಂಗ್ ಸೋರಲು ಶುರುವಾಯಿತು. ಆಫೀಸಿಗೆ ಬರೆದೆವು, ನೋಡುವ ಎಂದರು. ಅದೇ ಸಮಯದಲ್ಲಿ ಒಬ್ಬ ಮುದುಕರ ಮೂಗಿನೊಳಗಿನ ಚೂರು ಬಂತು. ಪ್ಲೇಟಿನಲ್ಲಿ ಎಲ್ಲೆಡೆ ಬೂಷ್ಟು ಎದ್ದಿತ್ತು, ಸೊನ್ನೆಯ ಮೇಲೆ ಕೂಡ, ಹೊರಗೆ ಕೂಡ. ಯೋಚನೆ ಮಾಡಿ ಮಾಡಿ ಮೇಡಂ ಅದು ರೋಗಿಯದ್ದೇ ಎಂದು ಸಹಿ ಹಾಕಿದರು. ಮೂಗಿನ ಡಾಕ್ಟರು ಆಂಫೊಟೆರಿಸಿನ್ ಶುರು ಮಾಡಿದರು. ಆ ಮದ್ದು ಬೂಷ್ಟನ್ನು ಕೊಲ್ಲುವುದು ಹೌದು, ಆದರೆ ಕಿಡ್ನಿಯನ್ನೂ ಬಿಡುವುದಿಲ್ಲ. ಐದನೆಯ ದಿನ ಮುದುಕರ ಕಿಡ್ನಿ ಕೈಕೊಟ್ಟಿತು. ಸಂಶಯ ಬಂದು ಮೇಡಂ ಬರೀ ಪ್ಲೇಟನ್ನು ಸೋರುವ ಸೀಲಿಂಗಿನ ಕೆಳಗೆ ತೆರೆದಿಟ್ಟು ನೋಡಿದರು. ಅದೇ ಬೂಷ್ಟು ಎದ್ದಿತು. ಮದ್ದು ನಿಲ್ಲಿಸಿದರು. ಮುದುಕರು ಕೆಲವು ವಾರ ಡಯಾಲಿಸಿಸಿನಲ್ಲಿ ನರಳಿ, ಕೊನೆಗೆ ಹೇಗೋ ಸುಧಾರಿಸಿಕೊಂಡರು.

ಆ ವಾರದ ಮೀಟಿಂಗಿನಲ್ಲಿ ಮೂಗಿನ ಡಾಕ್ಟರು ಎಲ್ಲರ ಎದುರು, "ಮೇಡಂ, ಮುಂದಿನ ಸಲ ಆಂಫೊಟೆರಿಸಿನ್ ಮೊದಲು ನಿಮ್ಮ ಸೀಲಿಂಗಿಗೆ ಕೊಡಿ, ಉಳಿದರೆ ರೋಗಿಗೆ ಕೊಡುವ" ಎಂದರು. ಮಲಯಾಳದಲ್ಲಿ ಹೇಳಿ, ನಮಗೂ ಅರ್ಥವಾಗಲಿ ಎಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ, ಹೊಟ್ಟೆ ತಂಪಾಗಿತ್ತು. ಮೇಡಂ ಮುಖ ಮಾತ್ರ ಅವರ ಕೋಟಿನಷ್ಟೇ ಬೆಳ್ಳಗಾಗಿತ್ತು. ಬೇರೆಯವರನ್ನು ನಗೆಪಾಟಲು ಮಾಡಿಯೇ ಗೊತ್ತಿದ್ದವರಿಗೆ ತಾವೇ ನಗೆಪಾಟಲಾಗಿ ಗೊತ್ತಿರಲಿಲ್ಲ.

ಅಲ್ಲಿಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು, "ಮಳೆಗಾಲ, ತೆಗೆದು ಬಿಸಾಡು." ಸೊನ್ನೆ ಹಾಕಿಸುವುದನ್ನು ಬಿಡಲಿಲ್ಲ. ಆದರೆ ಪ್ಲೇಟನ್ನು ಮಗುಚಿ ನೋಡುವುದು ಕಡಿಮೆಯಾಯಿತು.

ಮುಂದಿನ ವರ್ಷದ ಆಟಿಯಲ್ಲಿ ಕಂಡಕ್ಟರ್ ಬಂದರು. ಬೋವಿಕಾನದಿಂದ ಕಾಸರಗೋಡಿಗೆ ನಾನು ದಿನಾ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಕಾರಡ್ಕ ಕಡೆಯವರು, ನಲವತ್ತೈದರ ಆಚೀಚೆ ವಯಸ್ಸು. ಬಾಗಿಲಲ್ಲಿ ನಿಂತು ನಾಲ್ಕು ಭಾಷೆಯಲ್ಲಿ ಜನರನ್ನು ಒಳಗೆ ದಬ್ಬುವ ಗಟ್ಟಿ ಗಂಟಲಿನ ಮನುಷ್ಯ. ನನ್ನ ಕೈಚೀಲ ಕೊಡೆ ಎಲ್ಲ ನೋಡಿ ನನ್ನನ್ನು ಟೀಚರ್ ಎಂದು ತಿಳಿದಿದ್ದರು. "ಟೀಚರೇ, ಬನ್ನಿ ಬನ್ನಿ, ಸೀಟು ಉಂಟು" ಎಂದು ಕರೆಯುವುದು ಕೇಳಲು ಹಿತವಾಗಿತ್ತು, ಹಾಗಾಗಿ ನಾನು ತಿದ್ದಿರಲಿಲ್ಲ. ಬಸ್ಸಿನ ಬೆಲ್ಲಿನ ಹಗ್ಗ ತುಂಡಾಗಿ ವರ್ಷವಾಗಿತ್ತು. ಅವರು ತಗಡಿಗೆ ಎರಡು ಸಲ ಬಡಿದರೆ ಬಸ್ಸು ಹೊರಡುತ್ತಿತ್ತು.

ಒಂದು ಮಧ್ಯಾಹ್ನ ಲ್ಯಾಬಿನ ಎದುರಿನ ಬೆಂಚಿನಲ್ಲಿ ಅವರು ಕೂತಿದ್ದರು. ಪಕ್ಕದಲ್ಲಿ ಹೆಂಡತಿ. ಕಂಡಕ್ಟರರ ಎಡಕೆನ್ನೆ ಊದಿತ್ತು.

"ಅಯ್ಯೋ ಟೀಚರೇ, ನೀವು ಇಲ್ಲಿ ಎಂತ ಮಾಡುದು?" ಎಂದರು ನನ್ನ ಬಿಳಿ ಕೋಟು ನೋಡಿ.

"ನಾನು ಟೀಚರಲ್ಲ ಮಾರಾಯರೇ, ಇಲ್ಲಿ ಕೆಲಸ. ನಿಮಗೆ ಎಂತ ಆಯ್ತು?"

"ಗೊತ್ತಿಲ್ಲ. ಈ ಕೆನ್ನೆಗೆ ಜೋಮು ಹಿಡಿದ ಹಾಗೆ. ಮುಟ್ಟಿದರೆ ಗೊತ್ತಾಗುದಿಲ್ಲ. ಮೂಗಿನಿಂದ ಕಪ್ಪು ನೀರು ಬರ್ತದೆ."

"ಶುಗರಿನ ಗುಳಿಗೆ ಬಿಟ್ಟಿದ್ದಾರೆ ಇವರು, ಎರಡು ತಿಂಗಳಾಯ್ತು. ಬಸ್ಸಿನಲ್ಲಿ ಮೂತ್ರಕ್ಕೆ ಹೋಗ್ಲಿಕ್ಕೆ ಆಗುದಿಲ್ಲ ಅಂತ" ಎಂದರು ಹೆಂಡತಿ. ಅವರು ಹೆಂಡತಿಯ ಕಡೆಗೆ ನೋಡಿ ಸುಮ್ಮನಿರು ಎನ್ನುವಂತೆ ಕೈ ಆಡಿಸಿದರು.

ಸಕ್ಕರೆ ವಿಪರೀತ ಏರಿತ್ತು, ದಾಖಲು ಮಾಡಿಕೊಂಡರು. ಮೂಗಿನ ಡಾಕ್ಟರಿಗೆ ಕೂಡಲೇ ಸಂಶಯ ಬಂದಿತ್ತು. ಕೊರೋನದ ಕಾಲದಲ್ಲಿ ಪೇಪರಿನವರು ಕಪ್ಪು ಫಂಗಸ್ ಎಂದು ಕರೆದ ಕಾಯಿಲೆ ಇದು. ಫಂಗಸ್ ಕಪ್ಪಲ್ಲ, ಅದು ತಿಂದುಬಿಟ್ಟ ಮಾಂಸ ಕಪ್ಪಾಗುವುದು. ಸಕ್ಕರೆ ಏರಿದವರ ಮೂಗಿನಲ್ಲಿ ಹಿಡಿದು, ಅಲ್ಲಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ದಿನಗಳಲ್ಲಿ ನಡೆಯುತ್ತದೆ. ಬೇಗ ಕೊಯ್ದು ತೆಗೆದು ಬೇಗ ಮದ್ದು ಕೊಟ್ಟರೆ ಮನುಷ್ಯ ಉಳಿಯಬಹುದು. ಆದರೆ ಕಂಡಕ್ಟರರ ಕಿಡ್ನಿ ಮೊದಲೇ ಸೋತಿತ್ತು. ಹಿಂದಿನ ವರ್ಷದ ಮುದುಕರ ಪಾಡು ನೋಡಿದ್ದ ಡಾಕ್ಟರು ಲ್ಯಾಬು ಹೌದೆನ್ನದೆ ಆ ಮದ್ದಿಗೆ ಕೈ ಹಾಕಲು ಹೆದರಿದರು. ಮೂಗಿನೊಳಗಿಂದ ಉದ್ದಿನ ಕಾಳಿನಷ್ಟು ಚೂರು ತೆಗೆದು ನಮಗೆ ಕಳಿಸಿ, "ಬೇಗ ಹೇಳಿ" ಎಂದು ಫೋನು ಮಾಡಿದರು.

ಅದರ ಒಂದು ಎಸಳನ್ನು ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಏನೂ ಕಾಣಲಿಲ್ಲ. ಅದು ಅವರ ತಪ್ಪಲ್ಲ. ಚೂರು ಸಣ್ಣದಾದರೆ ಕೆಲವು ಸಲ ಹಾಗಾಗುತ್ತದೆ. ಉಳಿದದ್ದನ್ನು ನಾನು ನಾಲ್ಕು ಮಾಡಿ, ನಾಲ್ಕು ಸೊನ್ನೆ ಹಾಕಿ, ಪ್ಲೇಟಿನಲ್ಲಿ ಇಟ್ಟೆ. ಪರಿಚಯದವರ ಚೂರೆಂದು ಎಂದಿಗಿಂತ ಹೆಚ್ಚು ಜಾಗ್ರತೆಯಿಂದ ಇಟ್ಟೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಏಳು ಪ್ಲೇಟುಗಳಲ್ಲಿ ಆರಕ್ಕೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು, ಮಾಡಿನದ್ದು. ಕಂಡಕ್ಟರರ ಪ್ಲೇಟಿನ ಅಂಚು ಚೊಕ್ಕವಾಗಿತ್ತು. ನಡುವೆ ಹತ್ತಿಯ ಹಾಗೆ ನಾಲ್ಕು ಬಿಳಿ ಗೊಂಚಲು. ಮಗುಚಿ ನೋಡಿದೆ. ನಾಲ್ಕೂ ನಾಲ್ಕು ಸೊನ್ನೆಗಳ ಮೇಲೆ. ಬೇರೆಲ್ಲಿಯೂ ಒಂದು ಎಳೆಯಿಲ್ಲ. ಅಷ್ಟು ಬೇಗ, ಅಷ್ಟು ಬೆಳ್ಳಗೆ ಏಳುವ ಜಾತಿ ಯಾವುದೆಂದು ನನಗೆ ಗೊತ್ತಿತ್ತು. ಕಲಿಸಿದ್ದು ಅವರೇ.

ಮೇಡಂ ಬರುವಾಗ ಹತ್ತು ದಾಟಿತ್ತು. ರೈಲು ತಡ, ಸೀರೆಯ ಅಂಚೆಲ್ಲ ಒದ್ದೆ. ಬಂದ ಕೂಡಲೇ ಆಫೀಸಿನಿಂದ ಯಾವುದೋ ಕಾಗದದ ಬಗ್ಗೆ ಫೋನು ಬಂದು ಜಗಳವಾಯಿತು. ಫೋನು ಕುಕ್ಕಿ ಬಂದು ಏಳು ಪ್ಲೇಟುಗಳನ್ನೂ ಒಂದೊಂದಾಗಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ಮೇಲಿನಿಂದ ನೋಡಿದರು. ಒಂದನ್ನೂ ಮಗುಚಲಿಲ್ಲ.

"ಎಲ್ಲ ಮಳೆಗಾಲದ್ದು. ತೆಗಿ."

"ಮೇಡಂ, ಇದು ಸೊನ್ನೆಯ ಮೇಲೆ..."

"ನೀನು ಡಾಕ್ಟರಾ?"

ನಾನು ಪ್ಲೇಟುಗಳನ್ನು ಟ್ರೇಯಲ್ಲಿ ಜೋಡಿಸಿದೆ.

"ಪುನಃ ಸ್ಯಾಂಪಲ್ ಕಳಿಸಿ ಅಂತ ಬರೆಯುದಾ ಮೇಡಂ?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ.

"ಬರೆದರೆ ಪ್ಲೇಟಿಗೆ ಬೂಷ್ಟು ಬಂತು ಅಂತ ಅವನಿಗೆ ಗೊತ್ತಾಗ್ತದೆ. ಮೀಟಿಂಗಿನಲ್ಲಿ ಪುನಃ ಸೀಲಿಂಗಿನ ಕತೆ ಹೇಳ್ಲಿಕ್ಕಾ? ಬೆಳವಣಿಗೆ ಇಲ್ಲ ಅಂತ ಹಾಕು."

ಈ ಮಾತಿಗಾಗಿ ನಾನು ಅವರನ್ನು ಕ್ಷಮಿಸುವುದಿಲ್ಲ. ಪ್ಲೇಟು ಮಗುಚದೇ ಇದ್ದದ್ದು ತಪ್ಪು; ತಪ್ಪು ಯಾರಿಗೂ ಆಗುತ್ತದೆ. ಇದು ತಪ್ಪಲ್ಲ. ಒಬ್ಬ ಡಾಕ್ಟರು ಒಂದು ಸಲ ನಕ್ಕಿದ್ದನ್ನು ಎರಡನೆಯ ಸಲ ಕೇಳಬೇಕಾಗುತ್ತದೆಂದು ಒಬ್ಬ ಮನುಷ್ಯನ ಮೂಗಿನಲ್ಲಿದ್ದದ್ದನ್ನು ಇಲ್ಲವೆಂದು ಬರೆಸಿದರು. ಟೈಪು ಮಾಡಿದ್ದು ನಾನು. ಕೆಳಗೆ ಒಂದು ಕಡೆ ಅವರ ಸಹಿ, ಇನ್ನೊಂದು ಕಡೆ ನನ್ನ ಇನಿಷಿಯಲ್. ಮೂಗಿನ ಡಾಕ್ಟರ ನಂಬರು ನನ್ನ ತಲೆಯ ಮೇಲೆಯೇ ಗೋಡೆಗೆ ಅಂಟಿಸಿತ್ತು. ಏಳು ಪ್ಲೇಟುಗಳನ್ನು ಕೆಂಪು ಚೀಲಕ್ಕೆ ಹಾಕಿ, ಸುಡುವ ಆವಿಯ ಯಂತ್ರಕ್ಕೆ ತುಂಬಿಸಿ, ಗುಂಡಿ ಒತ್ತಿದೆ.

ರಿಪೋರ್ಟಿಗೆ ಹೆಂಡತಿ ಕಿಟಕಿಗೆ ಬಂದರು. ಇಂಗ್ಲಿಷ್ ಓದಲು ಬಾರದು.

"ಎಂತ ಉಂಟು ಇದರಲ್ಲಿ?"

"ಎಂತ ಇಲ್ಲ ಅಂತ ಉಂಟು" ಎಂದೆ.

ಆಕೆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. "ದೇವರು ದೊಡ್ಡವ" ಎಂದರು.

ಬೂಷ್ಟಿಲ್ಲ ಎಂದ ಮೇಲೆ ಡಾಕ್ಟರು ಬೇರೆ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದರು. ಎರಡು ದಿನ ಹಾಗೆ ಹೋಯಿತು. ಮೂರನೆಯ ದಿನ ಕಂಡಕ್ಟರರ ಎಡಗಣ್ಣು ಹೊರಗೆ ಉಬ್ಬಿತು, ಬಾಯಿಯ ಅಂಗುಳ ಕಪ್ಪಾಯಿತು. ಇನ್ನು ಲ್ಯಾಬನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ಸ್ಟ್ರೆಚರು ಹೊರಡುವಾಗ ನಾನು ಪೋರ್ಟಿಕೋದಲ್ಲಿದ್ದೆ. ಅರ್ಧ ಮುಖಕ್ಕೆ ಬ್ಯಾಂಡೇಜು ಸುತ್ತಿತ್ತು. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು, ಗುರುತು ಸಿಕ್ಕಿತು. ಮಾತಾಡಲು ಆಗಲಿಲ್ಲ. ಒಳಗೆ ಮಲಗಿಸಿದ ಮೇಲೆ ಆಂಬುಲೆನ್ಸಿನ ತಗಡಿಗೆ ಕೈಯಿಂದ ಎರಡು ಸಲ ಬಡಿದರು. ಗಾಡಿ ಹೊರಟಿತು.

ಅಲ್ಲಿಯ ಲ್ಯಾಬಿನವರು ಅದೇ ಸಂಜೆ ಸ್ಲೈಡು ನೋಡಿ ಹೇಳಿಬಿಟ್ಟರು. ಮದ್ದು ಶುರು ಮಾಡಿದರು. ಕಣ್ಣು ತೆಗೆದರು, ಮೇಲ್ದವಡೆಯ ಅರ್ಧ ತೆಗೆದರು, ಎರಡನೆಯ ಆಪರೇಶನ್ನಿನಲ್ಲಿ ಇನ್ನಷ್ಟು ತೆಗೆದರು. ಹನ್ನೊಂದನೆಯ ದಿನ ತೆಗೆಯಲು ಏನೂ ಉಳಿಯಲಿಲ್ಲ, ಕಂಡಕ್ಟರ್ ತೀರಿಕೊಂಡರು. ಎರಡು ದಿನ ಮೊದಲು ಶುರು ಮಾಡಿದ್ದರೆ ಬದುಕುತ್ತಿದ್ದರೇ? ಖಂಡಿತ ಹೌದೆಂದು ಯಾರೂ ಹೇಳಲಾರರು. ಈ ಕಾಯಿಲೆಯಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಎಷ್ಟೋ ಜನ ಹೋಗುತ್ತಾರೆ. ಈ ಮಾತನ್ನು ನಾನು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಹಾಯವಾಗಿಲ್ಲ.

ಮಂಗಳೂರಿನ ರಿಪೋರ್ಟಿನ ಸುದ್ದಿ ನಮ್ಮ ಲ್ಯಾಬಿಗೆ ಮುಟ್ಟಿದ ದಿನ ಮೇಡಂ ರಿಜಿಸ್ಟರ್ ತರಿಸಿಕೊಂಡರು. ತಮ್ಮ ಸಹಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ನನ್ನನ್ನು ಕರೆದರು.

"ಆ ಪ್ಲೇಟು ಉಂಟಾ?"

"ಇಲ್ಲ ಮೇಡಂ. ಬಿಸಾಡಿ ಆಯ್ತು."

"ಸರಿ" ಎಂದರು.

ಅಷ್ಟೇ. ಆ 'ಸರಿ'ಯನ್ನು ನಾನು ಇವತ್ತಿಗೂ ಮರೆತಿಲ್ಲ. ಬೇಸರದ ಸರಿಯಲ್ಲ ಅದು. ಪ್ಲೇಟಿಲ್ಲ ಎಂಬುದು ಖಾತ್ರಿಯಾಗಿ ಉಸಿರು ಬಿಟ್ಟ ಸರಿ. ಎರಡು ವಾರದ ಮೇಲೆ, ಯಾವುದೋ ಸ್ಯಾಂಪಲಿಗೆ ನಾನು ಮಾರ್ಕರ್ ತೆಗೆದಾಗ, "ಇನ್ನು ಸೊನ್ನೆ ಗಿನ್ನೆ ಬೇಡ. ಸುಮ್ಮನೆ ಟೈಮ್ ವೇಸ್ಟ್" ಎಂದರು. ಅಷ್ಟು ವರ್ಷ ನಮ್ಮ ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿದ ಕ್ರಮವನ್ನು ಒಂದೇ ಮಾತಿನಲ್ಲಿ ಕಿತ್ತುಹಾಕಿದರು. ಸೊನ್ನೆ ಇದ್ದರೆ ಅಲ್ಲವೇ ಯಾರಾದರೂ ಮಗುಚಿ ನೋಡುವುದು? ನಾವೂ ಬಿಟ್ಟೆವು. ಮೊನ್ನೆ ಶನಿವಾರ, ಅವರು ಹೋದ ಮರುದಿನ, ನಾನು ಮಾರ್ಕರ್ ಹುಡುಕಿ ಪುನಃ ನಾಲ್ಕು ಸೊನ್ನೆ ಹಾಕಿದೆ. ಅದರಲ್ಲಿ ಧೈರ್ಯದ ಮಾತೇನೂ ಇಲ್ಲ. ಬೈಯುವವರು ಹೋಗಿ ಆಗಿತ್ತು.

ಕಂಡಕ್ಟರರ ಹೆಂಡತಿ ಆಮೇಲೆ ಒಮ್ಮೆ ಬಂದಿದ್ದರು. ಬಸ್ಸಿನವರ ಕ್ಷೇಮನಿಧಿ ಕಚೇರಿಗೆ ಆಸ್ಪತ್ರೆಯ ಎಲ್ಲ ಕಾಗದ ಬೇಕಂತೆ. ಆ ರಿಪೋರ್ಟಿನ ಇನ್ನೊಂದು ಪ್ರತಿ ತೆಗೆದು ಕಿಟಕಿಯಿಂದ ಕೊಟ್ಟೆ. ಆಕೆ ಮಡಚಿ ಚೀಲಕ್ಕೆ ಹಾಕಿಕೊಂಡು, "ಇಡೀ ಆಸ್ಪತ್ರೆಯಲ್ಲಿ ನಗು ಮುಖದಲ್ಲಿ ಮಾತಾಡಿದ್ದು ನೀವೊಬ್ಬರೇ. ಅವರು ಹೋಗುವವರೆಗೆ ಟೀಚರ್ ಟೀಚರ್ ಅಂತಲೇ ಹೇಳ್ತಿದ್ದರು" ಎಂದರು. ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಮರುದಿನದಿಂದ ಹದಿನೈದು ನಿಮಿಷ ತಡವಾಗಿ ಬರುವ ಬೇರೆ ಬಸ್ಸು ಹಿಡಿಯಲು ಶುರು ಮಾಡಿದೆ. ಹದಿನೈದು ನಿಮಿಷ ತಡವಾದದ್ದಕ್ಕೆ ಮೇಡಂ ಬೈದರು. ಬೈಸಿಕೊಂಡೆ.

ಹೀಗೆ ಶುಕ್ರವಾರ ಬಂತು. ಕ್ಯಾಂಟೀನಿನ ಮೇಲಿನ ಹಾಲಿನಲ್ಲಿ ಬ್ಯಾನರು, ಹೂಗುಚ್ಛ, ಗೋಳಿಬಜೆ, ಪಾಯಸ. ಮೂಗಿನ ಡಾಕ್ಟರೂ ಬಂದು ಎರಡು ಮಾತು ಹೊಗಳಿದರು. ನನ್ನ ನಾಲ್ಕು ಮಾತುಗಳ ವಿಷಯ ಆಗಲೇ ಹೇಳಿದ್ದೇನೆ. ಕೊನೆಗೆ ಮೇಡಂ ಎದ್ದರು. ಎಂದಿನ ಹಾಗೆ ಗಂಜಿ ಹಾಕಿದ ಸೀರೆ. ಕೋಟು ಮಾತ್ರ ಇರಲಿಲ್ಲ, ಹಾಗಾಗಿ ಇನ್ನಷ್ಟು ಸಪೂರ ಕಂಡರು. ಆಫೀಸಿಗೊಂದು, ವಾರ್ಡಿನವರಿಗೊಂದು ಕುಟುಕಿದರು. ಜನ ನಕ್ಕರು. ಆಮೇಲೆ ತಲೆ ತಿರುಗಿಸಿ ನನ್ನನ್ನು ಹುಡುಕಿದರು.

"ಇವಳು" ಎಂದರು. ನನ್ನ ಬಗ್ಗೆ ಹನ್ನೊಂದು ವರ್ಷದಲ್ಲಿ ಅವರು ಆಡಿದ ಮೊದಲ ಒಳ್ಳೆಯ ಮಾತು ಆಮೇಲೆ ಬಂತು. "ಕೈಬರಹ ಚಂದ ಇಲ್ಲ. ಆದರೆ ಒಂದು ಹೇಳ್ತೇನೆ. ಹನ್ನೊಂದು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನನಗೆ ಎದುರು ಮಾತಾಡಿದವಳಲ್ಲ. ಇಂಥವಳು ಎಲ್ಲಿಯೂ ಸಿಗ್ಲಿಕ್ಕಿಲ್ಲ."

ನಾನು ಅವರ ಮುಖ ನೋಡಿದೆ, ಕುಹಕ ಉಂಟೇ ಎಂದು. ಇರಲಿಲ್ಲ. ಕಣ್ಣಲ್ಲಿ ನೀರಿತ್ತು. 'ಮೇಡಂ, ಇದು ಸೊನ್ನೆಯ ಮೇಲೆ' ಎಂದು ನಾನು ಅರ್ಧಕ್ಕೆ ನುಂಗಿದ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಅಥವಾ ಬಿದ್ದಿದ್ದರೂ ಎದುರು ಮಾತು ಎನಿಸಿಕೊಳ್ಳುವಷ್ಟು ಅದು ದೊಡ್ಡದಾಗಿರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.